ಬೀಸಣಿಗೆಯ ಹಗ್ಗ ಹಿಡಿದ ನಗೆಮಾಮ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಪರಂಗಿ ದೊರೆಯ ಹಳೇ ಬಂಗಲೆಯ ಊಟದ ಹಜಾರದಲ್ಲಿ ಒಬ್ಬರು ಏಣಿ ಹತ್ತಿ, ಸೂರಿನಿಂದ ಇಳಿಬಿದ್ದ ಉದ್ದನೆಯ ಬಟ್ಟೆ ಬೀಸಣಿಗೆಯ ಧೂಳು ಒರೆಸುತ್ತಿದ್ದಾರೆ. ಗೆದ್ದಲು ಹಿಡಿದ ತೊಲೆಯಿಂದ ಪುಡಿ ಅವರ ತಲೆಯ ಮೇಲೇ ಉದುರುತ್ತದೆ. ಬಂಗಲೆ ವಸ್ತುಸಂಗ್ರಹಾಲಯವಾದಾಗ ಗೈಡ್ ಆಗಿ ಸೇರಿದವರು ಇವರು. ಗುಡಿಸುವವರು ಬಿಟ್ಟುಹೋದ ಮೇಲೆ ಪೊರಕೆಯೂ ಇವರ ಕೊರಳಿಗೇ ಬಿದ್ದಿದೆ. ಶಾಲಾಮಕ್ಕಳ ಪಾಲಿಗೆ ಮಾತ್ರ ಇವರು ನಗೆಮಾಮ.

"ನಗಿಸದಿದ್ರೆ ಇಲ್ಲಿ ಯಾರು ನಿಲ್ತಾರೆ ಹೇಳಿ? ನಮ್ಮನ್ನ ಆಳಿದೋರ ತಟ್ಟೆ, ಚಮಚ ನೋಡಿ ಆಕಳಿಸ್ತಾರೆ. ಒಂದ್ಸಲ ನಕ್ಕರೆ ಕಿವಿ ತೆರೆಯುತ್ತೆ," ಎನ್ನುತ್ತಾರೆ.

ದಿನಕ್ಕೆ ಎರಡೋ ಮೂರೋ ಗುಂಪು. ಮಹಾ ತುಂಟನನ್ನು ಹುಡುಕಿ ದೊರೆಯ ಕುರ್ಚಿಯಲ್ಲಿ ಕೂರಿಸುತ್ತಾರೆ. ಇನ್ನೊಬ್ಬನನ್ನು ಗೋಡೆಯಾಚೆಗೆ ಕಳಿಸುತ್ತಾರೆ. ಗೋಡೆಯ ತೂತಿನಿಂದ ಹೊರಬಂದ ಹಗ್ಗವನ್ನು ಅವನು ಎಳೆದರೆ ಇಲ್ಲಿ ಬೀಸಣಿಗೆ ತೂಗುತ್ತದೆ. "ದೊರೆಗಳಿಗೆ ಸೆಕೆಯಂತೆ. ಬನ್ನಿ ಅಂತ ಯಾರೂ ಕಾಗದ ಬರೆದಿರಲಿಲ್ಲ, ಆದ್ರೂ ಸೆಕೆಗೆ ನಾವೇ ಹೊಣೆ." ಹಜಾರವೆಲ್ಲ ನಗು. ನಗು ಇಳಿದ ಮೇಲೆ ಎಳೆದವನನ್ನು ಒಳಗೆ ಕರೆದು ಮೆಲ್ಲಗೆ ಕೇಳುತ್ತಾರೆ: "ಇಷ್ಟೊತ್ತು ನಿನ್ನನ್ನ ಯಾರಾದ್ರೂ ನೋಡಿದ್ರೇನಪ್ಪಾ?"

ಮೊದಲು ಈ ಹಾಸ್ಯ ಹೀಗಿರಲಿಲ್ಲ. ಅಂದಿನ ಬೀಸಣಿಗೆ ಎಳೆಯುವ ಆಳಿನಂತೆ ಕಾಲ್ಬೆರಳಿಗೆ ಹಗ್ಗ ಕಟ್ಟಿಕೊಂಡು ನಗೆಮಾಮನೇ ನೆಲದ ಮೇಲೆ ಗೊರಕೆ ಹೊಡೆಯುತ್ತಿದ್ದರು. ದೊರೆ ಒದ್ದಂತೆ ಬೆಚ್ಚಿಬಿದ್ದು, ಕಣ್ಣುಜ್ಜಿಕೊಂಡು, ಅಡ್ಡಾದಿಡ್ಡಿ ಎಳೆಯುತ್ತಿದ್ದರು. ಜನ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಮಗನಿಗೆ ಬಂದ ಹೆಸರು ಕಾಣಲೆಂದು ಒಮ್ಮೆ ಅಮ್ಮನನ್ನೂ ಕರೆತಂದರು. ಎಲ್ಲರೂ ನಕ್ಕರು, ಅಮ್ಮ ನಗಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಲೇ ಹೇಳಿದರಂತೆ: "ನಿಮ್ಮ ತಾತನ ಕಾಲ್ಬೆರಳು ಯಾಕೆ ಹಾಗೆ ಸವೆದಿತ್ತು ಅಂತ ನೀನು ಕೇಳಲೇ ಇಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ನೀನು ಯಾವಾಗ ಬೆಕ್ಕಿನ ಕಡೆ ಸೇರ್ಕೊಂಡೆ?"

ತನ್ನ ಅಪ್ಪ ಈ ಬಂಗಲೆಯಲ್ಲಿ ಕೆಲಸಕ್ಕಿದ್ದರು ಎಂದಷ್ಟೇ ಅಮ್ಮ ಹೇಳಿದ್ದರು. ಯಾವ ಕೆಲಸ ಎಂದು ಬಾಯಿಬಿಡಲು ಆಕೆಗೆ ನಾಚಿಕೆಯಾಗಿತ್ತು. ಆ ನಾಚಿಕೆ ನಿಜವಾಗಿ ಯಾರದಾಗಬೇಕಿತ್ತು ಎಂದು ನೆನೆದರೆ ಸಂಕಟವಾಗುತ್ತದೆ. "ಹಗಲೂ ರಾತ್ರಿ ಎಳೆದೋನಿಗೆ ನಿದ್ದೆ ಬರದೆ ಇನ್ನೇನು ಬರುತ್ತೆ? ಹೊಟ್ಟೆಪಾಡಿಗೆ ಸ್ವಂತ ತಾತನನ್ನೇ ನಗೆಪಾಟಲು ಮಾಡಿಬಿಟ್ಟೆ," ಎನ್ನುತ್ತಾರೆ ನಗೆಮಾಮ. ಮರುದಿನವೇ ಗೊರಕೆ ನಿಂತಿತು, ನಗು ದೊರೆಯ ಕುರ್ಚಿಯತ್ತ ತಿರುಗಿತು. ಅಮ್ಮ ಮಾತ್ರ ಮತ್ತೆ ಬಂಗಲೆಯ ಕಡೆ ತಲೆ ಹಾಕಲಿಲ್ಲ.

ಈಗ ತೊಲೆ ಪೂರ್ತಿ ಲಡ್ಡಾಗಿದೆ. ತಿಂಗಳ ಕೊನೆಗೆ ಬೀಸಣಿಗೆ ಇಳಿಸಿ ಉಗ್ರಾಣಕ್ಕೆ ಹಾಕುತ್ತಾರಂತೆ, ಗೋಡೆಯ ತೂತನ್ನೂ ಮುಚ್ಚುತ್ತಾರಂತೆ. ಅತ್ತ ಅಮ್ಮನ ಕಾಲಿನ ಶಕ್ತಿಯೂ ಉಡುಗಿದೆ. ಬಂಗಲೆಗೆ ಕರೆತರಲು ಗಾಲಿಕುರ್ಚಿ ಗೊತ್ತುಮಾಡಿದ್ದಾರೆ ಮಗ. ಸಂಜೆ ಕೇಳಿದಾಗಲೆಲ್ಲ ಅಮ್ಮನದು ಒಂದೇ ಉತ್ತರ, "ನೋಡೋಣ."

"ಅಮ್ಮ ನಗಲಿ ಅಂತೇನಲ್ಲ," ಎನ್ನುತ್ತಾ ಏಣಿ ಮಡಚುತ್ತಾರೆ ನಗೆಮಾಮ. "ಇಳಿಸೋ ಮುಂಚೆ ಒಂದ್ಸಲ ಬಂದು ಆ ದೊರೆ ಕುರ್ಚಿ ಮೇಲೆ ಕೂತ್ಕೊಂಡ್ರೆ ಸಾಕು. ಗೋಡೆ ಹಿಂದೆ ನಾನಿರ್ತೀನಿ. ಹಗ್ಗ ನಾನು ಎಳೀತೀನಿ."