ಮೂರು ಡಬ್ಬಿಯ ಉಪ್ಪು

ನಮ್ಮೂರು ವಡ್ಡಿನಲ್ಲಿ ಆಗೆಲ್ಲ ಮಾಗಿ ಬಂದರೆ ಮನೆಯ ಹೊರಗೆ ಒಂದು ಹಿಡಿ ಸೊಪ್ಪು ಉಳಿಯುತ್ತಿರಲಿಲ್ಲ. ಹೊಲದ ಕೆಲಸ ಮುಗಿದೊಡನೆ ಆಡುಗಳು ಊರೊಳಗೆ ನುಗ್ಗುತ್ತಿದ್ದವು. ಅವು ಬಿಟ್ಟದ್ದರ ಮೇಲೆ ಅದಿರಿನ ಲಾರಿಗಳ ಕೆಂಪು ಧೂಳು ಕೂರುತ್ತಿತ್ತು. ಆದ್ದರಿಂದ ನಮ್ಮ ಹಿತ್ತಲು ಪಡಸಾಲೆಯ ಕಿಟಕಿಗೆ ಬರುತ್ತಿತ್ತು. ಮೊಳದಗಲದ ಕಲ್ಲುಹಾಸಿನ ಮೇಲೆ ಮೂರು ಎಣ್ಣೆ ಡಬ್ಬಿ: ಒಂದರಲ್ಲಿ ಮೆಂತ್ಯ, ಒಂದರಲ್ಲಿ ಕೊತ್ತಂಬರಿ, ಇನ್ನೊಂದರಲ್ಲಿ ಅಜ್ಜಿಯ ಪೂಜೆಗೆಂದು ಹಳದಿ ಸೇವಂತಿಗೆ. ಬಿತ್ತುವುದೂ ನೀರು ಚಿಮುಕಿಸುವುದೂ ನನ್ನ ಕೆಲಸ. ಬಿಸಿ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಆಗಷ್ಟೇ ಚಿವುಟಿದ ಹಸಿ ಮೆಂತ್ಯ. ಆ ಕಹಿಯ ರುಚಿ ನನಗೆ ಮತ್ತೆ ಸಿಕ್ಕಿಲ್ಲ.

ನಮ್ಮ ಬಳಗದಲ್ಲಿ ಇಂದಿಗೂ ಒಂದು ಕಥೆ ನಡೆಯುತ್ತದೆ: ಗಂಗಮ್ಮ ದೊಡ್ಡವಳಾದ ವರ್ಷ ಅವಳ ಕೈ ಸೋಕಿ ಕಿಟಕಿಯ ಗಿಡಗಳು ಸುಟ್ಟುಹೋದವಂತೆ. ಗಂಗಮ್ಮ ನಾನೇ. ಮದುವೆ ಮನೆಗಳಲ್ಲಿ ಇದನ್ನು ಹೇಳಿ ನಗುವವರಲ್ಲಿ ಒಬ್ಬರೂ ಆ ದಿನ ಅಲ್ಲಿರಲಿಲ್ಲ. ನಾನು ಇದ್ದೆ.

ನಾನಾಗ ಏಳನೆಯ ತರಗತಿ. ದೊಡ್ಡವಳಾದ ಹುಡುಗಿಯನ್ನು ಮತ್ತೆ ಶಾಲೆಗೆ ಕಳಿಸಬಾರದೆಂದು ಅಜ್ಜಿಯ ಹಟ. "ಸಂಕ್ರಾಂತಿ ಆಗಲಿ, ನೋಡೋಣು" ಎಂದಿದ್ದ ಅಪ್ಪ. ಆ ಒಂದು ಮಾತನ್ನು ನಂಬಿ ದಿನ ಎಣಿಸುತ್ತಿದ್ದೆ. ಹೊರಗೆ ಕುಳಿತ ದಿನಗಳಲ್ಲಿ ನಾನು ಡಬ್ಬಿಗಳ ಹತ್ತಿರವೂ ಸುಳಿಯಲಿಲ್ಲ. ನೀರು ಹಾಕಿದವಳು ಅವ್ವ. ಕಥೆ ಹೇಳುವವರು ಇದನ್ನು ಕೇಳುವುದಿಲ್ಲ.

ಆ ವಾರವೇ ಪಕ್ಕದ ಮನೆಯಾಕೆ ಬಂದು, "ಏನ್ ಮಸ್ತ್ ಬಂದೈತ್ರೀ ನಿಮ್ಮ ಸೇವಂತಿ!" ಎಂದು ಹೋದಳು. ದೃಷ್ಟಿ ತಾಕಿತೆಂದು ಅಜ್ಜಿ ಒಣಮೆಣಸಿನಕಾಯಿಯನ್ನೂ ಹರಳುಪ್ಪನ್ನೂ ಗಿಡಗಳಿಗೆ ನಿವಾಳಿಸಿದಳು. ಮೆಣಸಿನಕಾಯಿಯನ್ನು ಒಲೆಗೆ ಹಾಕಿ, ಉಪ್ಪನ್ನು ನೀರಿನಲ್ಲಿ ಕರಗಿಸಿ, ಯಾರೂ ತುಳಿಯದ ಕಡೆ ಸುರಿಯುವುದು ನಮ್ಮ ಮನೆಯ ಪದ್ಧತಿ. ಹಿತ್ತಲ ಬೇಲಿಯ ತನಕ ಹೋಗಲು ಚಳಿಗೆ ಹಿಡಿದ ಅಜ್ಜಿಯ ಮೊಣಕಾಲು ಬಿಡಲಿಲ್ಲ. "ಇಲ್ಲಿ ಯಾರು ತುಳಿತಾರ?" ಎನ್ನುತ್ತ ಡಬ್ಬಿಗಳಿಗೇ ಸುರಿದಳು. ಎಲೆಯ ಅಂಚು ಸುಟ್ಟಂತಾದಾಗ ದೃಷ್ಟಿ ಬಲವಾಗಿದೆಯೆಂದು ಉಪ್ಪು ಹೆಚ್ಚಿಸಿದಳು. ಹೀಗೆ ಎಂಟು ದಿನ. ಒಂಬತ್ತನೆಯ ದಿನ ಮೂರೂ ಡಬ್ಬಿಯ ಗಿಡಗಳು ಮಲಗಿದ್ದವು.

"ಲೇ ಗಂಗಿ, ಮೈಲಿಗಿ ಕೈಲೆ ಮುಟ್ಟೀಯೇನ?"

"ಇಲ್ಲಜ್ಜಿ. ನೀನ ಉಪ್ಪುನೀರು ಹಾಕೀದಿ."

"ಬಾಯಿ ನೋಡು ಇದರದು! ಗಿಡಾ ಕಾಯಾಕ ಹಾಕಿದ ಉಪ್ಪು ಗಿಡಾನ ತಿಂತೈತೇನು?" ಎಂದವಳು ಅಪ್ಪನ ಕಡೆ ತಿರುಗಿದಳು. "ಕಳಸಪಾ, ಇನ್ನೂ ಕಳಸು ಸಾಲಿಗೆ! ಡಬ್ಬ್ಯಾಗಿನ ಗಿಡಾ ಉಳಸಲಾರದಕಿ ಕೊಟ್ಟ ಮನಿ ಉಳಸ್ತಾಳೇನು?"

ಡಬ್ಬಿಯ ಮಣ್ಣಿನ ಮೇಲೆ ಬೆಳ್ಳಗೆ ಪೊರೆ ಕಟ್ಟಿತ್ತು. ಒಂದು ಚಿಟಿಕೆ ಕೆರೆದು ಅಪ್ಪನ ಮುಂದೆ ಹಿಡಿದೆ. "ನೆಕ್ಕಿ ನೋಡಪ್ಪಾ."

ಮೆಟ್ರಿ ಊರಿನ ಕಡೆ ಯಾರಾದರೂ ಹೊಲ ಹಿಡಿಯುವ ಮುನ್ನ ಮಣ್ಣನ್ನು ನಾಲಿಗೆಗೆ ಹಚ್ಚಿ, ಉಪ್ಪು ತುಂಬಿದ ಸವಳು ಭೂಮಿಯೋ ಅಲ್ಲವೋ ಎಂದು ನಾಲ್ಕು ಜನರಿಗೆ ಹೇಳುತ್ತಿದ್ದ ಮನುಷ್ಯ ಅವನು. ನೆಕ್ಕಿದ. ಮುಖ ಕಿವುಚಿತು. ನನ್ನನ್ನು ನೋಡಿದ, ತನ್ನ ತಾಯಿಯನ್ನು ನೋಡಿದ, ಬಚ್ಚಲಿಗೆ ಹೋಗಿ ಎರಡು ಸಲ ಬಾಯಿ ಮುಕ್ಕಳಿಸಿ ಬಂದ.

"ಅಜ್ಜಿ ಹೇಳಿದಂಗ ಆಗಲಿ. ಸಾಲಿ ಸಾಕು."

"ಉಪ್ಪು ಐತೋ ಇಲ್ಲೋ, ಅಷ್ಟ ಹೇಳಪ್ಪಾ."

"ದೊಡ್ಡೋರಿಗೆ ಎದುರಾಡಬ್ಯಾಡ."

ಅಜ್ಜಿಯನ್ನು ನಾನು ಎಂದೋ ಕ್ಷಮಿಸಿದ್ದೇನೆ. ಆಕೆ ನಂಬಿದ್ದನ್ನು ಮಾಡಿದಳು. ಅಪ್ಪ ತಿಳಿದೂ ಬಾಯಿ ತೊಳೆದುಕೊಂಡ. ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಶಾಲೆ ಬಿಟ್ಟ ಮೇಲೆ ತಮ್ಮನ ಪಾಠಪುಸ್ತಕಗಳನ್ನು ಅವನಿಗಿಂತ ಮೊದಲು ಓದಿ ಮುಗಿಸುತ್ತಿದ್ದೆ. ಯಾರು ಏನೇ ಹೇಳಿದರೂ ನೆಕ್ಕಿ ನೋಡದೆ ಒಪ್ಪದ ಸ್ವಭಾವವೂ ಆಗಲೇ ಗಟ್ಟಿಯಾಯಿತು.

ಈಗ ಹೊಸಪೇಟೆಯ ಮನೆಯ ಕಿಟಕಿಯಲ್ಲಿ ಮೆಂತ್ಯ ಬೆಳೆಯುತ್ತೇನೆ. ಕಳೆದ ಮಾಗಿಯಲ್ಲಿ ತಮ್ಮನ ಸೊಸೆ ಬಂದು ನಾಲ್ಕು ದಿನ ಇದ್ದಳು. ಡಿಗ್ರಿ ಮುಗಿಸಿದ ಹುಡುಗಿ. ಗಿಡಕ್ಕೆ ನೀರು ಹಾಕೆಂದರೆ, "ಇವತ್ತು ಬ್ಯಾಡ್ರಿ ಅತ್ತಿ. ನಿಮ್ಮ ಗಿಡಾ ಹೆಂಗ ಒಣಗಿದ್ವು ಅಂತ ಮಾವ ಹೇಳ್ಯಾರ" ಎಂದಳು. ಮಾವ ಎಂದರೆ ನನ್ನ ತಮ್ಮ, ಆ ದಿನ ಶಾಲೆಯಲ್ಲಿದ್ದವನು. ನನ್ನ ಮೈ ಉರಿಯಿತು. ನನ್ನ ಬಾಯಿ ಮುಚ್ಚಿಸಿದ ಸುಳ್ಳು, ನನ್ನದೇ ಹೆಸರಿನಲ್ಲಿ, ಇನ್ನೊಬ್ಬಳ ಕೈ ಕಟ್ಟುತ್ತಿದೆ. ಚೊಂಬನ್ನು ಅವಳ ಕೈಗೆ ತುರುಕಿ, "ಹಾಕು" ಎಂದೆ. ಹಾಕಿದಳು. ಗಿಡ ಇನ್ನೂ ಇದೆ.

ಆ ಮಾಗಿಯಲ್ಲಿ ಹೋದದ್ದು ಏನೆಂದು ಬಳಗದವರನ್ನು ಕೇಳಿದರೆ ಮೂರು ಡಬ್ಬಿ ಗಿಡ ಎನ್ನುತ್ತಾರೆ. ಗಿಡ ಎಲ್ಲಿ ಹೋಯಿತು? ಹೊಸ ಮಣ್ಣು ತುಂಬಿ ಬಿತ್ತಿದ ಮೆಂತ್ಯ ಐದನೆಯ ದಿನಕ್ಕೆ ಎದ್ದಿತ್ತು. ಸಂಕ್ರಾಂತಿಯ ಮರುದಿನ ಶಾಲೆಯ ಗಂಟೆ ಹೊಡೆದಾಗ ಅದು ಎರಡೆಲೆ ಬಿಟ್ಟಿತ್ತು. ನಾನು ಅದಕ್ಕೆ ನೀರು ಹಾಕುತ್ತ ನಿಂತಿದ್ದೆ.