ಮೊದಲ ನೆರೆಯವಳು

ನೊಯೆಲಿ ದಾಸ್ತುಗ್‌ಗೆ ಎಪ್ಪತ್ತಾರು ವರ್ಷ. ಅದರಲ್ಲಿ ಕೊನೆಯ ಹತ್ತೊಂಬತ್ತನ್ನು ಪಕ್ಕದ ಮನೆಯ ಫಿರ್ಮ್ಯಾಂ ಲಾಬುರ್ತ್‌ನ ಜೊತೆ ಮಾತು ಬಿಟ್ಟು ಕಳೆದವಳು. ಗುಡ್ಡದ ನೆತ್ತಿಯ ಕಾಸ್ತೆರೂ ಕೋಟೆಯೊಳಗೆ ಇರುವುದೇ ಹನ್ನೆರಡು ಮನೆ. ಚಳಿಗಾಲದಲ್ಲಿ ಒಲೆ ಉರಿಯುವುದು ಮೂರರಲ್ಲಿ ಮಾತ್ರ. ಅಂಥ ಕಡೆ ಗೋಡೆಗೆ ಗೋಡೆ ತಾಗಿಸಿಕೊಂಡು ಅಷ್ಟು ವರ್ಷ ಮುನಿಸು ಸಾಧಿಸುವುದು ಸುಲಭದ ಮಾತಲ್ಲ. ಹೇಳಲೇಬೇಕಾದದ್ದನ್ನು ಇಬ್ಬರೂ ಫಿರ್ಮ್ಯಾಂನ ನಾಯಿಗೆ ಹೇಳುತ್ತಿದ್ದರು.

"ಲೇ ಪಿಸ್ತು, ಪಕ್ಕದ ಮನೆಯಮ್ಮಂಗೆ ಹೇಳು, ಅವರ ಸೂರಿನ ನೀರು ನನ್ನ ಗೋಡೆ ತಿಂತಾ ಇದೆ."

"ಪಿಸ್ತು, ನಿನ್ನ ಯಜಮಾನಂಗೆ ಹೇಳು, ಗೋಡೆ ಏಳ್ನೂರು ವರ್ಷದಿಂದ ನಿಂತಿದೆ, ಇನ್ನೂ ನಿಲ್ಲತ್ತೆ. ಮೊದಲು ಅವನು ನೆಟ್ಟಗೆ ನಿಲ್ಲೋದು ಕಲೀಲಿ."

ಪಿಸ್ತು ಹುಟ್ಟುವ ಮೊದಲು ಅದರ ತಾಯಿಗೆ ಹೇಳುತ್ತಿದ್ದರು.

ಜಗಳಕ್ಕೆ ಕಾರಣ ನೊಯೆಲಿಯ ಗಂಡ ಆನ್ಸೆಲ್ಮ್‌ನ ಸಾವು. ಆ ಸೀಮೆಯಲ್ಲಿ ಗೋಡೆ ತಾಗಿದ ಮನೆಯವರನ್ನು ಮೊದಲ ನೆರೆಯವರು ಎನ್ನುತ್ತಾರೆ. ಮನಸ್ಸು ಕೂಡಲಿ ಬಿಡಲಿ, ಸಾವಿನ ಸುದ್ದಿಯನ್ನು ಕೋಟೆಯ ಪ್ರತಿ ಮನೆಗೂ ಅವರೇ ಹೋಗಿ ಹೇಳಬೇಕು. ಹೊಸಿಲು ದಾಟುವಂತಿಲ್ಲ, ತೊಟ್ಟು ನೀರನ್ನೂ ಕುಡಿಯುವಂತಿಲ್ಲ. ಒಳಗಿನವರು "ಬರ್ತೀವಿ" ಎಂದ ಮೇಲೆ ಮುಂದಿನ ಬಾಗಿಲು. ಒಂದು ಮನೆ ಬಿಟ್ಟರೂ ಸತ್ತವನನ್ನು ಊರು ಕಳಿಸಿಕೊಟ್ಟಂತಾಗುವುದಿಲ್ಲ.

ಅಂದು ಫಿರ್ಮ್ಯಾಂ ಜನರಿದ್ದ ನಾಲ್ಕು ಮನೆಗೆ ಹೇಳಿ ಮಾಯವಾಗಿದ್ದ. ಅವನ ವ್ಯಾನೂ ಇರಲಿಲ್ಲ. ಬಂದದ್ದು ಮುಸ್ಸಂಜೆಗೆ. ಮಣ್ಣಿಗೆ ಒದೆತ್ ಪ್ರಾದಾಲ್ ಬರಲಿಲ್ಲ. ಅವಳು ಆನ್ಸೆಲ್ಮ್‌ನ ಜೊತೆ ಇಲ್ಲೇ ಆಡಿ ಬೆಳೆದವಳು, ಮದುವೆಯಾಗಿ ದೂರದ ತುಲೂಸ್ ನಗರ ಸೇರಿದ್ದಳು. ಇಲ್ಲಿಯ ಮನೆಗೆ ಬೀಗ. ಬೀಗ ಕಂಡು ಫಿರ್ಮ್ಯಾಂ ಆ ಮನೆ ಬಿಟ್ಟ, ಸಾವಿನ ಕೆಲಸ ಅರ್ಧಕ್ಕೆ ನಿಲ್ಲಿಸಿ ಎಲ್ಲೋ ಸುತ್ತಲು ಹೋದ ಎಂದು ನೊಯೆಲಿ ತೀರ್ಮಾನಿಸಿದಳು.

"ಎಲ್ಲಾ ಮನೆಗೂ ಹೇಳಿದೀನಿ," ಎಂದ ಅವನು.

"ಸುಳ್ಳ!" ಎಂದಳು, ನಾಲ್ಕು ಜನರ ಎದುರಿಗೇ.

ಫಿರ್ಮ್ಯಾಂ ಟೋಪಿ ಹಾಕಿಕೊಂಡು ಹೊರಟುಹೋದ. ಅವನೂ ಹಟದಲ್ಲಿ ಕಡಿಮೆಯವನಲ್ಲ.

ಈ ನವೆಂಬರಿನ ಮೊದಲ ವಾರ ಒಂದು ಬೆಳಿಗ್ಗೆ ಅವನ ಕಿಟಕಿಗಳು ತೆರೆಯಲಿಲ್ಲ. ಎಂಟಕ್ಕೇ ಅದು ಅವಳ ಕಣ್ಣಿಗೆ ಬಿತ್ತು. ನಾನೇಕೆ ಹೋಗಲಿ ಎಂದು ಸೂಪಿಗೆ ತರಕಾರಿ ಹೆಚ್ಚುತ್ತ ಕುಳಿತಳು. ಹನ್ನೊಂದಕ್ಕೆ ಪಿಸ್ತು ಅವನ ಮನೆಯೊಳಗಿಂದ ಅಳತೊಡಗಿದಾಗ ಎದ್ದು ಹೋಗಿ ನೋಡಿದಳು, ಡಾಕ್ಟರನ್ನು ಕರೆಸಿದಳು.

"ನಸುಕಿಗೇ ಹೋಗಿದ್ದಾರಮ್ಮ, ನೀವು ಬೇಗ ಬಂದಿದ್ರೂ ಏನೂ ಆಗ್ತಿರಲಿಲ್ಲ," ಎಂದರು ಡಾಕ್ಟರು. "ಹಿಂದುಮುಂದು ಯಾರೂ ಇಲ್ವಂತಲ್ಲ? ಪೇಪರಲ್ಲಿ ಹಾಕ್ಸಿದ್ರೆ ಸಾಕು ಬಿಡಿ."

"ಪೇಪರಲ್ಲಿ ಹಾಕ್ಸೋಕೆ ನಾನೇನು ಸತ್ತಿದೀನಾ? ಅವನ ಮೊದಲ ನೆರೆ ನಾನು," ಎಂದಳು ನೊಯೆಲಿ.

ಆದರೆ ಆ ಮೂರು ತಾಸು ಅವಳ ಎದೆಯಲ್ಲಿ ಕೂತೇಬಿಟ್ಟಿತು.

ಕರಿ ಶಾಲು ಹೊದ್ದು ಹೊರಟಳು. ಹೇಗೆ ಹೇಳಬೇಕೆಂದು ಅವನಿಗೆ ತೋರಿಸಿಕೊಡುತ್ತೇನೆ ಎಂಬ ಸಣ್ಣ ಹಗೆ ಆಗಲೂ ಇತ್ತು. ಪಿಸ್ತು ಹಿಂದೆಯೇ ಬಂತು. ಕೋಟೆಬಾಗಿಲಿನ ಪಕ್ಕದ ಮನೆಯಲ್ಲಿ ಕಿವಿ ಮಂದವಾದ ಗಾಸ್ಪಾರ್ "ಬರ್ತೀವಿ" ಎಂದ. ಆಮೇಲೆ ಬರೀ ಮುಚ್ಚಿದ ಬಾಗಿಲುಗಳು. ಒಂದೊಂದನ್ನೂ ತಟ್ಟಿ, "ಫಿರ್ಮ್ಯಾಂ ಲಾಬುರ್ತ್ ತೀರಿಕೊಂಡ," ಎಂದು ಹೇಳಿ, ಒಳಗಿಂದ ಉತ್ತರ ಬರಲು ಬೇಕಾಗುವಷ್ಟು ಹೊತ್ತು ನಿಂತು ಮುಂದೆ ಹೋದಳು. ಮಂಜಿನಲ್ಲಿ ಗೋಡೆಯ ಫೋಟೋ ತೆಗೆಯುತ್ತಿದ್ದ ಪ್ರವಾಸಿ ಹುಡುಗಿಯೊಬ್ಬಳಿಗೆ ಅಯ್ಯೋ ಅನಿಸಿರಬೇಕು.

"ಅಜ್ಜೀ, ಆ ಮನೇಲಿ ಯಾರೂ ಇಲ್ಲ ಅನ್ಸತ್ತೆ."

"ಗೊತ್ತಮ್ಮ," ಎಂದಳು ನೊಯೆಲಿ.

ನಾಳೆ ನನ್ನ ಸುದ್ದಿ ಈ ಬಾಗಿಲುಗಳಿಗೆ ಯಾರು ಹೇಳುತ್ತಾರೆ ಎಂಬ ಯೋಚನೆ ಬಂತು. ಹೇಳಬೇಕಾದವನು ಅಲ್ಲಿ ಮಲಗಿದ್ದಾನೆ. ಶಾಲು ಬಿಗಿದುಕೊಂಡು ಮುಂದಿನ ಬಾಗಿಲಿಗೆ ನಡೆದಳು.

ಹತ್ತನೆಯದು ಒದೆತ್‌ಳ ಮನೆ. ತಟ್ಟಿದರೆ ಬಾಗಿಲು ತೆರೆಯಿತು. ಹಿರಿಯರ ಗೋರಿಗೆ ಸೇವಂತಿಗೆ ಇಡಲು ಬಂದಿದ್ದ ಒದೆತ್ ಕೋಲೂರಿ ನಿಂತಿದ್ದಳು. ನೊಯೆಲಿ ಹೇಳಬೇಕಾದದ್ದನ್ನು ಹೇಳಿದಳು.

"ಫಿರ್ಮ್ಯಾಂನಾ! ಅಯ್ಯೋ ದೇವರೇ. ಒಳಗೆ ಬಾ ಅಂತ ಕರೆಯೋ ಹಾಗೂ ಇಲ್ವಲ್ಲೇ ನಿನ್ನ. ಅವತ್ತು ಅವನೂ ಬರಲಿಲ್ಲ."

"ಯಾವತ್ತು?"

"ಆನ್ಸೆಲ್ಮ್ ಹೋದಾಗ. ಆ ಡಕೋಟ ವ್ಯಾನಲ್ಲಿ ತುಲೂಸಿಗೆ ಬಂದಿದ್ನಲ್ಲ. ನಾಲ್ಕು ಮಹಡಿ ಹತ್ತಿ, ಏದುಸಿರು ಬಿಡ್ತಾ, ಬಾಗಿಲಲ್ಲೇ ನಿಂತು ಹೇಳ್ದ. ಒಂದು ಕಾಫಿ ಕುಡಿಯೋ ಅಂದ್ರೆ ಒಲ್ಲೆ ಅಂದ. ಫೋನ್ ಮಾಡಬಾರದಿತ್ತಾ ಅಂದೆ. 'ಮನುಷ್ಯ ಇರೋ ಬಾಗಿಲಿಗೆ ಹೇಳ್ಬೇಕು, ಬೀಗಕ್ಕಲ್ಲ' ಅಂದ. ನನ್ನ ಗಂಡ ಆಸ್ಪತ್ರೇಲಿದ್ರು, ಮಣ್ಣಿಗೆ ಬರೋಕಾಗ್ಲಿಲ್ಲ. ಅದಕ್ಕೇ ನನ್ನ ಕಂಡ್ರೆ ಮುಖ ತಿರುಗಿಸ್ತೀಯ ಅಂದ್ಕೊಂಡಿದ್ದೆ ಕಣೇ."

ನೊಯೆಲಿ ಬಾಗಿಲುವಾಡ ಹಿಡಿದುಕೊಂಡಳು. ಬಾಯಿ ಒಣಗಿತ್ತು, ನೀರು ಕೇಳುವಂತಿರಲಿಲ್ಲ.

"ಈ ಸಲ ಬರ್ತೀನಿ," ಎಂದಳು ಒದೆತ್.

ಉಳಿದದ್ದು ಹನ್ನೊಂದನೆಯ ಮನೆ, ಅವಳದೇ. ಅದನ್ನೂ ಬಿಡುವಂತಿರಲಿಲ್ಲ. ಬಾಗಿಲು ತಟ್ಟಿದಳು. "ಫಿರ್ಮ್ಯಾಂ ಲಾಬುರ್ತ್ ತೀರಿಕೊಂಡ," ಎಂದಳು. ಒಳಗೆ ಯಾರೂ ಉತ್ತರಿಸಲಿಲ್ಲ. ಹೊಸಿಲ ಮೇಲೆ ಕೂತು ನಾಯಿಯ ತಲೆ ಹಿಡಿದಳು.

"ಪಿಸ್ತು, ನಿನ್ನ ಯಜಮಾನಂಗೆ ಹೇಳು, ತಪ್ಪು ನಂದು ಅಂತ."

ಪಿಸ್ತು ಬಾಲ ಆಡಿಸಿತು. ಎಂದಿನಂತೆ ಪಕ್ಕದ ಬಾಗಿಲ ಕಡೆ ಮುಖ ತಿರುಗಿಸಿ, ಅಲ್ಲಿಂದ ಬರಬೇಕಾದ ಮಾತಿಗೆ ಕಾಯುತ್ತ ಕೂತಿತು.