ಬೆರಳು ತೋರಿಸಿದ ಗಾಡಿ

ನಮ್ಮ ಯಜಮಾನರ ಜಪಾನಿ ಕಾರಿನ ಮೇಲೆ ನನಗೆ ಎಂಥ ಸಿಟ್ಟಿತ್ತೆಂದರೆ, ಅದು ನಮ್ಮ ಅಂಗಳದಲ್ಲಿ ನಿಂತಷ್ಟು ವರ್ಷವೂ ನಾನು ಅದನ್ನು ಕಾರು ಎಂದು ಕರೆಯಲೇ ಇಲ್ಲ, ಸವತಿಯನ್ನು ಅಂದ ಹಾಗೆ "ನಿಮ್ಮಾಕಿ" ಎನ್ನುತ್ತಿದ್ದೆ. ಎರಡೇ ಬಾಗಿಲು. ಹಿಂದೆ ಕೂರಬೇಕೆಂದರೆ ಮುಂದಿನ ಸೀಟು ಮಡಚಿ, ಸೀರೆ ಎತ್ತಿ ಹಿಡಿದು, ತಲೆ ತಗ್ಗಿಸಿ ನುಸುಳಬೇಕು. ಡಿಕ್ಕಿಯ ಮೇಲೆ ಅಗಲವಾದ ಒಂದು ರೆಕ್ಕೆ. ಅದನ್ನು ನೋಡಿದ ದಿನವೇ ನಮ್ಮತ್ತೆ, "ಇದೊಂದು ಛಲೋ ಆತು ನೋಡವಾ, ಹಪ್ಪಳ ಒಣಗಸಾಕ ಬರತೈತಿ" ಎಂದಿದ್ದರು. ನಮ್ಮವರು ಎರಡು ದಿನ ತಾಯಿಯ ಜೊತೆ ಮಾತು ಬಿಟ್ಟಿದ್ದರು.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆತನ. ಪಾವರ್‌ಲೂಮ್ ಮಗ್ಗ ನಡೆಸುವುದು, ಸೀರೆ ಮಾರುವುದು, ಇದು ಬಿಟ್ಟು ನಮಗೆ ಬೇರೆ ಗೊತ್ತಿಲ್ಲ. ಇಂಥ ಮನೆಗೆ ಓಟದ ಕಾರು ಹೇಗೆ ಬಂತೆಂದರೆ, ಕೊಲ್ಹಾಪುರದ ಒಬ್ಬ ಶೋಕಿಲಾಲ ಅದನ್ನು ಜಪಾನಿನಿಂದ ತರಿಸಿಕೊಂಡಿದ್ದ. ಸೀರೆ ವ್ಯಾಪಾರಕ್ಕೆಂದು ಆ ಊರಿಗೆ ಹೋದ ನಮ್ಮವರು ಅದರ ಸದ್ದು ಕೇಳಿ ಮರುಳಾಗಿ, ರೊಕ್ಕ ಕೊಟ್ಟು ಕೊಂಡು, ಮನೆಗೇ ಓಡಿಸಿಕೊಂಡು ಬಂದರು. ಆ ಮಾದರಿಯನ್ನು ಈಗ ಜಪಾನಿನವರೂ ತಯಾರಿಸುವುದಿಲ್ಲವಂತೆ. ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆಯಂತೆ. ಬೆಳಗಾವಿ, ಪುಣೆಯಿಂದೆಲ್ಲ ಹುಡುಗರು ಬಂದು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರಿಗೆಲ್ಲ ಚಹಾ ಕುದಿಸಿದವಳು ನಾನು.

ಇಷ್ಟು ದೌಲತ್ತಿನ ಕಾರು ನಮ್ಮ ರಸ್ತೆಯಲ್ಲಿ ನಡೆದದ್ದು ಮಾತ್ರ ತುಂಬು ಬಸುರಿಯ ಹಾಗೆ. ಹೊಟ್ಟೆ ನೆಲಕ್ಕೆ ತಾಗುತ್ತದೆಂದು ಜಮಖಂಡಿ ದಾರಿಯ ಪ್ರತಿ ಹಂಪನ್ನೂ ಅಡ್ಡಡ್ಡ ಹತ್ತಿಸುತ್ತಿದ್ದರು. ಹಿಂದೆ ಬಂದ ಕಬ್ಬಿನ ಟ್ರ್ಯಾಕ್ಟರಿನವರು, "ಏನ್ರೀ ಸಾವಕಾರ್ರ, ದಬ್ಬಬೇಕೇನ್ರೀ?" ಎಂದು ನಗುತ್ತಿದ್ದರು. ಯಾವಾಗಲೋ ಒಮ್ಮೆ ಚಿಕ್ಕಪಡಸಲಗಿ ಕಡೆ ರಸ್ತೆ ಖಾಲಿ ಸಿಕ್ಕಾಗ ನಮ್ಮವರು ಕಾಲು ಒತ್ತಿದರೆ, ಬೆನ್ನು ಸೀಟಿಗೆ ಅಂಟಿ, "ಯವ್ವಾ, ನಿಂದ್ರಸ್ರೀ!" ಎಂದು ನಾನು ಚೀರುತ್ತಿದ್ದೆ. ಆಗ ಅವರ ಮುಖ ನೋಡಬೇಕು. ನಮ್ಮ ಮದುವೆಯ ಫೋಟೋದಲ್ಲಿಯೂ ಅಷ್ಟು ಕಳೆ ಇಲ್ಲ.

ಜಮಖಂಡಿಯಲ್ಲಿ ಬಡವರಿಗೆ ಪುಕ್ಕಟೆ ಡಯಾಲಿಸಿಸ್ ಮಾಡುವ ಒಂದು ಸಣ್ಣ ಧರ್ಮದ ದವಾಖಾನೆ ಇದೆ. ಅದನ್ನು ನೋಡಿಕೊಳ್ಳುವವರು ಕಾಲೇಜಿನಿಂದ ನಿವೃತ್ತರಾದ ಒಬ್ಬ ಮಾಸ್ತರರು. ಒಂದು ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು. ಚಿಮ್ಮಡ, ಬೀಳಗಿ ಕಡೆಯ ರೋಗಿಗಳು ಬಸ್ಸು, ಆಟೋ ಹಿಡಿದು ಬರುತ್ತಾರೆ, ತಿರುಗಿ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ತಲೆಸುತ್ತಿ ಕೂತುಬಿಡುತ್ತಾರೆ, ಅವರನ್ನು ಕರೆತಂದು ಬಿಡಲು ಒಂದು ಗಾಡಿ ಬೇಕು ಎಂದು ಕೇಳುವುದಕ್ಕೆ. ಪಾಪ, ಬಂದದ್ದು ಮಗ್ಗಗಳೆಲ್ಲ ಜೋರಾಗಿ ನಡೆಯುತ್ತಿದ್ದ ಹೊತ್ತಿನಲ್ಲಿ.

ಮಗ್ಗದ ಮನೆಯ ಮಾತು ಹೊರಗಿನವರಿಗೆ ತಿಳಿಯುವಂಥದ್ದಲ್ಲ. ಆ ಖಟಪಟದಲ್ಲಿ ನಾವು ಅರ್ಧ ಬಾಯಿಂದ, ಅರ್ಧ ಕೈಯಿಂದ ಮಾತಾಡುತ್ತೇವೆ. ಬೆರಳೆತ್ತಿದರೆ ಚಹಾ, ಅಂಗೈ ಮಗುಚಿದರೆ ನೂಲು ಮುಗಿಯಿತು, ಅಂಗೈ ಎದುರು ಹಿಡಿದರೆ ನಿಲ್ಲಿಸು. ಮಾಸ್ತರರು ನಮ್ಮವರ ಕಿವಿಗೆ ಬಾಯಿಟ್ಟು ಕೂಗಿ ಕೂಗಿ ಹೇಳಿದರು. ನಮ್ಮವರು ತಲೆಯಾಡಿಸಿ, ಮಗ್ಗದಿಂದ ಕಣ್ಣು ತೆಗೆಯದೆಯೇ ಕಿಟಕಿಯಾಚೆ ಅಂಗಳದ ಕಡೆ ಬೆರಳು ಚಾಚಿ, "ಆ ಗಾಡಿ ಒಯ್ರಿ!" ಎಂದು ಚೀರಿದರು.

ಅವರ ಮನಸ್ಸಿನಲ್ಲಿದ್ದದ್ದು ನಮ್ಮ ಹಳೇ ಟೆಂಪೋ. ಸೀರೆಯ ಗಂಟು ಹೊತ್ತು ಹೊತ್ತು ಸವೆದದ್ದು, ಹೇಗೂ ಗುಜರಿಗೆ ಹಾಕಬೇಕೆಂದು ಮಾತಾಗಿತ್ತು. ಆದರೆ ನಮ್ಮ ಕಡೆ ಎಲ್ಲವೂ ಗಾಡಿಯೇ. ಟೆಂಪೋನೂ ಗಾಡಿ, ಕಾರೂ ಗಾಡಿ, ಎತ್ತು ಹೂಡಿದ್ದೂ ಗಾಡಿ. ಅವತ್ತು ಟೆಂಪೋವನ್ನು ನಾನೇ ಗಂಟು ಹೇರಿಸಿ ಮುಧೋಳಕ್ಕೆ ಕಳಿಸಿದ್ದೆ, ನಮ್ಮವರಿಗೆ ಅದು ಗೊತ್ತಿರಲಿಲ್ಲ. ಅಂಗಳದಲ್ಲಿ ಇದ್ದದ್ದು ಒಂದೇ ಗಾಡಿ, ನೀಲಿ ಬಣ್ಣದ್ದು, ರೆಕ್ಕೆ ಇದ್ದದ್ದು. ಮಾಸ್ತರರು ಹೊರಗೆ ಹೋಗಿ ಅದನ್ನು ನೋಡಿದವರು ತಿರುಗಿ ಒಳಗೆ ಬಂದು ನಮ್ಮವರ ಎರಡೂ ಕೈ ಹಿಡಿದುಕೊಂಡರು, ಕಣ್ಣೊರೆಸಿಕೊಳ್ಳುತ್ತ ಹೊರಟುಹೋದರು. "ಹಳೇ ಟೆಂಪೋಕ್ಕ ಇಷ್ಟ್ಯಾಕ ಕಣ್ಣೀರ ಹಾಕಿದರು ಇವರು?" ಎಂದು ನಮ್ಮವರು ಊಟಕ್ಕೆ ಕೂತಾಗ ಕೇಳಿದರು.

ಆಗ ನನಗೂ ಹೊಳೆಯಲಿಲ್ಲ, ಮರುದಿನ ತಿಳಿಯಿತು. ಮಾಸ್ತರರು ಮಾಲೆ, ಪೇಡೆ ಹಿಡಿದು ಬಂದರು. ಜೊತೆಗೆ ಚಿಮ್ಮಡದ ಒಬ್ಬ ಮುದುಕಿ, ಅವರ ದವಾಖಾನೆಯ ರೋಗಿ. ಮಾಸ್ತರರು ಮಾಲೆಯನ್ನು ನಮ್ಮವರ ಕೊರಳಿಗೆ ಹಾಕಿ, "ಪುಣೆದಾಗ ಇಂಥಾ ಗಾಡಿ ಕೂಡಿಸಿ ಇಡೂವರೊಬ್ಬರು ಅದಾರ್ರಿ. ಇದರ ಸುದ್ದಿ ಕೇಳಿ ಹುಚ್ಚ ಆಗ್ಯಾರ. ಅವರಿಗೆ ಮಾರಿ, ಆ ರೊಕ್ಕದಾಗ ಮಂದಿನ್ನ ಮಲಗಿಸಿಕೊಂಡು ಹೋಗೂ ಅಂಥಾ ಹೊಸಾ ದೊಡ್ಡ ಗಾಡಿ ತರತೇವ್ರಿ. ಇಂಥಾದ್ದು ಕೊಡೂ ಮನಸು ಯಾರಿಗಿರತೈತ್ರೀ?" ಎಂದರು.

ನಮ್ಮವರ ಮುಖ ಬಿಳಿಚಿಕೊಂಡಿತು. ಮುದುಕಿ ಅವರ ಗಲ್ಲ ಸವರಿ, ತನ್ನ ಹಣೆಗೆ ಬೆರಳೊತ್ತಿ ನೆಟಿಗೆ ಮುರಿದು, "ನಿನ್ನ ಹೊಟ್ಟಿ ತಣ್ಣಗಿರಲಿ ನನ್ನಪ್ಪಾ" ಎಂದಳು. ನಾನು ತಡೆಯಲಾರದೆ, "ಅಲ್ರೀ ಸರ್, ಇವರು ಹೇಳಿದ್ದು..." ಎಂದು ಬಾಯಿ ತೆಗೆದೆ. ನಮ್ಮವರು ನನ್ನ ಕಡೆ ನೋಡದೆಯೇ ಅಂಗೈ ಎದುರು ಹಿಡಿದರು. ಒಳಗೆ ಹೋಗಿ ಚಾವಿ ತಂದು ಮಾಸ್ತರರಿಗೆ ಕೊಟ್ಟರು.

ಪುಣೆಯವರು ಬರುವವರೆಗೆ ಕಾರು ನಮ್ಮಲ್ಲಿ, ಚಾವಿ ಜಮಖಂಡಿಯಲ್ಲಿ. ದಿನಾ ಬೆಳಿಗ್ಗೆ ನಮ್ಮವರು ಅದನ್ನು ತೊಳೆದು, ಮೆತ್ತಗಿನ ಅರಿವೆಯಿಂದ ಒರೆಸುವರು. ಪೀಡೆ ಹೋಗುತ್ತದೆಂದು ನಾನು ಸಕ್ಕರೆ ಹಂಚಬೇಕಾಗಿತ್ತು, ಹೌದಲ್ಲ? ಆಗಲಿಲ್ಲ. ಅವರು ಅರ್ಧ ರೊಟ್ಟಿ ತಿಂದು ಏಳುವುದನ್ನು ನೋಡಿ ನಾನೂ ತಾಟು ಸರಿಸುತ್ತಿದ್ದೆ. "ಹೇಳಿಬಿಡ್ರೀ, ನಾ ಅಂದದ್ದು ಟೆಂಪೋ ಅಂತ. ಅವರೇನು ನಿಮ್ಮನ್ನ ನುಂಗತಾರ?" ಎಂದರೆ, "ಆ ಮುದುಕಿ ಮುಂದ ಹ್ಯಾಂಗ ಹೇಳಲಿ? ನೀನ ಹೇಳು" ಎಂದು ನನ್ನ ಬಾಯಿ ಮುಚ್ಚಿಸಿದರು.

ನೀನ ಹೇಳು ಅಂದರಲ್ಲ, ಹೇಳಿಯೇ ಬಿಡುತ್ತೇನೆ ಎಂದು ಬಸ್ಸು ಹತ್ತಿದೆ. ಜಮಖಂಡಿಯ ಆ ದವಾಖಾನೆಯಲ್ಲಿ ಮಾಸ್ತರರ ಎದುರು ಕೂತು, "ಸರ್, ಅವರು ತೋರಿಸಿದ್ದು ಟೆಂಪೋ ರೀ. ಅದು ಮುಧೋಳದಾಗಿತ್ತು. ನಿಮ್ಮ ಕಣ್ಣಿಗೆ ಬಿದ್ದದ್ದು ಕಾರು. ನಮ್ಮವರಿಗೆ ಆ ಕಾರು ಅಂದರ ಜೀವ ರೀ. ಬಾಯಿ ಬಿಟ್ಟು ಹೇಳೂದಿಲ್ಲ, ಒಳಗ ಸೊರಗಾಕತ್ತಾರ" ಎಂದು ಒಂದೇ ಉಸಿರಿಗೆ ಒದರಿದೆ. ಅಳುವೂ ಬಂತು. ಆ ಹಾಳು ಕಾರಿಗಾಗಿ ನಾನು ಅಳುತ್ತಿದ್ದೇನಲ್ಲ ಎಂದು ಸಿಟ್ಟೂ ಬಂತು.

ಮಾಸ್ತರರು ಮೊದಲು ಬೆಪ್ಪಾದರು, ಆಮೇಲೆ ಬಿದ್ದು ಬಿದ್ದು ನಕ್ಕರು. "ಛೇ, ಎಂಥಾ ಕೆಲಸ ಆತು ತಂಗೀ! ನನ್ನ ಕಿವಿ ಮಗ್ಗದಾಗ, ಕಣ್ಣು ಅಂಗಳದಾಗ. ನಡೀರಿ, ಈಗ ಹೋಗೂಣು" ಎಂದು ನನ್ನ ಜೊತೆಗೇ ಬಸ್ಸಿಗೆ ಬಂದರು.

ನಮ್ಮವರು ಅಂಗಳದಲ್ಲೇ ಇದ್ದರು. ಮಾಸ್ತರರು ಚಾವಿ ಮುಂದೆ ಹಿಡಿದು, "ತಪ್ಪು ತಿಳಕೊಂಡವ ನಾನ್ರಿ. ನಿಮ್ಮ ಕಾರು ನೀವು ಇಟಗೋರಿ, ಟೆಂಪೋ ಕೊಟ್ಟರ ಸಾಕು, ಅದಕ್ಕೂ ಕೈ ಮುಗಿತೇನಿ" ಎಂದರು.

ನಮ್ಮವರು ನನ್ನ ಕಡೆ ತಿರುಗಿ, "ಹೋಗಿ ಹೇಳಿ ಬಂದ್ಯಾ?" ಎಂದರು.

"ಬಂದೆ. ಏನೀಗ?" ಎಂದೆ.

ಅವರು ಚಾವಿ ತೆಗೆದುಕೊಂಡು, ಕಾರಿನಲ್ಲಿ ಕೂತು, ಎಂಜಿನ್ ಚಾಲೂ ಮಾಡಿದರು. ಸುಮಾರು ಹೊತ್ತು ಅದರ ಸದ್ದು ಕೇಳುತ್ತ ಕೂತರು. ನನ್ನ ಜೀವ ತಣ್ಣಗಾಯಿತು, ಮಾಸ್ತರರೂ ನಕ್ಕರು. ಆಮೇಲೆ ನಮ್ಮವರು ಎಂಜಿನ್ ಬಂದ್ ಮಾಡಿ ಇಳಿದು ಬಂದರು.

"ಸರ್, ಆ ಟೆಂಪೋದ ಬ್ರೇಕ್ ನಾನ ನಂಬೂದಿಲ್ರಿ. ಅದರಾಗ ನಿಮ್ಮ ಮಂದಿನ್ನ ಕುಂಡರಸಾಕ ಹೊಂಟಿದ್ದೆ. ನನಗ ಬ್ಯಾಡಾದದ್ದು ನಿಮಗ ಕೊಟ್ಟು ಪುಣ್ಯ ಕಟಗೋಬೇಕಂತಿದ್ದೆ" ಎಂದು ಚಾವಿ ಚಾಚಿದರು. "ಈ ಕಾರು ಅವತ್ತ ನೀವ ತಗೊಂಡಿದ್ರಿ, ನಾ ಕೊಟ್ಟಿದ್ದಿಲ್ಲ. ಇವತ್ತ ಕೊಡಾಕತ್ತೇನಿ. ಒಯ್ರಿ."

ಮಾಸ್ತರರು ಎರಡೂ ಕೈಯಲ್ಲಿ ಚಾವಿ ಇಸಿದುಕೊಂಡರು. ನಮ್ಮವರು ನನ್ನ ಕಡೆ ತಿರುಗಿ ಬೆರಳೆತ್ತಿದರು, ನಾನು ಚಹಾ ಇಡಲು ಒಳಗೆ ಹೋದೆ.